ಇಲ್ಲಿ ಗಾಳಿ ನೋಡಲಾಗುವುದು

ಮಾಗಡಿ ಪೇಟೆಯಲ್ಲಿ ನಮ್ಮ ಸೋದರಮಾವನ ಮೂಗಿಗೆ ಇರುವಷ್ಟು ಮರ್ಯಾದೆ ಮಿಕ್ಕ ಮಾವನಿಗೆ ಇಲ್ಲ! ಮೂಗೊಂದನ್ನು ಬಿಟ್ಟರೆ ಅವರು ಸಾಧಾರಣ ಪಂಕ್ಚರ್ ಅಂಗಡಿಯವರು. ಒಂದು ಕಂಪ್ರೆಸರ್, ಒಂದು ಸ್ಟೂಲು, ‘ಇಲ್ಲಿ ಗಾಳಿ ನೋಡಲಾಗುವುದು’ ಎಂಬ ತಗಡಿನ ಬೋರ್ಡು. ಟೈರಿನ ಗಾಳಿಯೊಂದನ್ನೇ ನೋಡುತ್ತಾರೆ ಅಂದುಕೊಂಡಿರಾ?

ರಾಗಿ ಕೊಯ್ಲಾಗಿ ಅವರೆಕಾಯಿ ಬರುವ ಹೊತ್ತಿಗೆ ನಮ್ಮೂರ ಗಾಳಿ ಕೆಡುತ್ತದೆ. ಟಾರು ರಸ್ತೆಯ ಮೇಲೆಯೇ ಒಕ್ಕಣೆ, ಅದರ ದೂಳು. ಚಳಿ ಕಾಯಿಸಲು ಸಿಕ್ಕಿದ್ದನ್ನೆಲ್ಲ ಸುಡುವುದು, ಅದರ ಹೊಗೆ. ಸಾಲದ್ದಕ್ಕೆ ಮೂಡಲ ಗಾಳಿ ಬೆಂಗಳೂರಿನ ಫ್ಯಾಕ್ಟರಿ ಹೊಗೆಯನ್ನೂ ಹೊತ್ತು ತರುತ್ತದೆ. ಚಳಿಗಾಲವಿಡೀ ನಮ್ಮ ಅತ್ತೆಗೆ ಉಬ್ಬಸ, ಎದೆಯಲ್ಲಿ ಸಿಳ್ಳೆ. ಒಂದು ಸಲ ಉಸಿರು ಸಿಗದೆ ತುಟಿ ನೀಲಿಯಾಗಿ, ಆಟೋದಲ್ಲಿ ಆಸ್ಪತ್ರೆಗೆ ಹೊತ್ತುಕೊಂಡು ಹೋಗಬೇಕಾಯಿತು. ಆಮೇಲೆಯೇ ಮಾವ ಊರ ಗಾಳಿಯನ್ನೂ ನೋಡಲು ಶುರುಮಾಡಿದ್ದು.

ಬೆಳಗಾಗುತ್ತಲೇ ಜಗಲಿಗೆ ಬಂದು, ಮೂಡಲಕ್ಕೆ ತಿರುಗಿ, ಮೂಗರಳಿಸಿ ತೀರ್ಪು ಕೊಡುತ್ತಾರೆ. ಬೀದಿಗೆ ಬೀದಿಯೇ ಕಾದಿರುತ್ತದೆ.

“ಹೆಂಗೈತಣ್ಣಾ ಇವತ್ತು?” ಎದುರಿನ ಕಟಿಂಗ್ ಶಾಪಿನವನು ಕೇಳುತ್ತಾನೆ.

“ಕೆಟ್ಟೈತೆ ಕಣ್ಲಾ. ಸಿಟಿ ಹೊಗೆ ಜಾಸ್ತಿ, ತೆಂಗಿನ ಮಟ್ಟೆ ಕಮ್ಮಿ, ಒಸಿ ಟೈರು.”

ಸಾಂಬಾರಿಗೆ ಏನೇನು ಹಾಕಿದ್ದಾರೆಂದು ಹೇಳಿದ ಹಾಗೆ! ಕೂಡಲೇ ಬೀದಿಯ ಕಿಟಕಿಗಳೆಲ್ಲ ಮುಚ್ಚುತ್ತವೆ. ಕಟಿಂಗ್ ಶಾಪಿನವನು ಒಮ್ಮೆ ಫೋನು ಹಿಡಿದುಕೊಂಡು ಬಂದ. “ಇದ್ರಲ್ಲಿ ಚೆನ್ನಾಗೈತೆ ಅಂತ ಬತ್ತಾ ಐತಲ್ಲಣ್ಣಾ?”

“ಆ ಫೋನು ಯಾವೂರಲ್ಲಿ ಕೂತು ಮೂಸ್ತಾ ಐತೆ ಅಂತ ಒಸಿ ಕೇಳ್ಲಾ.”

ಸಾವನದುರ್ಗಕ್ಕೆ ಹೊರಟ ಬೆಂಗಳೂರಿನ ಹುಡುಗರು ಬೈಕಿಗೆ ಗಾಳಿ ಹಾಕಿಸಲು ನಿಂತು, “ಅಂಕಲ್, ಎಂಥಾ ಮಂಜು!” ಎಂದು ಫೋಟೋ ಹೊಡೆಯುತ್ತಿದ್ದರು. “ಅದು ಮಂಜಲ್ಲ ಕಣ್ರಪ್ಪಾ. ನಿಮ್ಮೂರಿಂದ ನಿಮ್ಮ ಹಿಂದೇನೇ ಬಂದೈತೆ. ವಾಪಸ್ ಹೋಗೋವಾಗ ಕರ್ಕೊಂಡು ಹೋಗಿ” ಎಂದರು ಮಾವ.

ಆ ಬೋರ್ಡು ಮಾಡಿದ ಫಜೀತಿ ಕೇಳಿ. ಒಂದು ದಿನ ಕುದೂರು ಕಡೆಯ ಹೆಂಗಸೊಬ್ಬರು ಸೊಸೆಯನ್ನು ಕರೆದುಕೊಂಡು ಬಂದರು. ಕೈಚೀಲದಲ್ಲಿ ತೆಂಗಿನಕಾಯಿ, ನಿಂಬೆಹಣ್ಣು.

“ಗಾಳಿ ನೋಡೋರು ನೀವೇಯಾ?”

“ಹೂಂ ಕಣವ್ವಾ. ಮುಂದ್ಲುದಾ, ಹಿಂದ್ಲುದಾ?”

“ಹಿಂದ್ಲುದೇ ಕಣಣ್ಣಾ. ತವರಲ್ಲೇ ಮೆಟ್ಕೊಂಡಿತ್ತಂತೆ. ನಮ್ಗೆ ಹೇಳ್ದೆ ಮದ್ವೆ ಮಾಡ್ಬುಟ್ಟವ್ರೆ!”

ಚಕ್ರದ ಮಾತಲ್ಲ, ದೆವ್ವದ ಮಾತು ಎಂದು ತಿಳಿಯಲು ಮಾವನಿಗೆ ಸ್ವಲ್ಪ ಹೊತ್ತು ಹಿಡಿಯಿತು. ನಾನು ಕಂಪ್ರೆಸರ್ ಹಿಂದೆ ನಿಂತು ನಗು ತಡೆದುಕೊಳ್ಳುತ್ತಿದ್ದೆ. ಮಾವ ಮಾತ್ರ ನಗಲಿಲ್ಲ. ಕಂಪ್ರೆಸರ್ ಆರಿಸಿ, ಆ ಹುಡುಗಿಯ ಉಸಿರಿಗೆ ಸುಮ್ಮನೆ ಕಿವಿಗೊಟ್ಟರು. ಅಲ್ಲೂ ಅತ್ತೆಯ ಎದೆಯಂಥದೇ ಸಿಳ್ಳೆ.

“ಬಚ್ಚಲ ಒಲೆಗೆ ಏನ್ ಹಾಕ್ತೀಯವ್ವಾ?”

“ಮಟ್ಟೆ, ಪ್ಲಾಸ್ಟಿಕ್ ಕವರು, ಸಿಕ್ಕಿದ್ದು” ಎಂದಳು ಹುಡುಗಿ.

“ಆ ಕವರೇ ನಿನ್ನ ಮೆಟ್ಕೊಂಡಿರೋ ದೆವ್ವ. ಅದ್ನ ಒಲೆಗೆ ಹಾಕ್ಬೇಡ. ಈಗ್ಲೇ ಆಸ್ಪತ್ರೆಗೆ ನಡೀರಿ” ಎಂದು ತಾವೇ ಆಟೋ ಹತ್ತಿಸಿದರು. ಹುಡುಗಿ ಸುಧಾರಿಸಿದಳು. ಮಾವನ ಕೀರ್ತಿ ಕುದೂರು ದಾಟಿತು! ಈಗಲೂ ಯಾರಾದರೂ ನಿಂಬೆಹಣ್ಣು ತಂದಿಡುತ್ತಾರೆ, ಅತ್ತೆ ಅದನ್ನು ಚಿತ್ರಾನ್ನಕ್ಕೆ ಹಿಂಡುತ್ತಾರೆ.

ಹೋದ ಚಳಿಗಾಲ ನಾನು ಅವರ ಮನೆಯಲ್ಲಿದ್ದೆ. ಮಾವ ಅಡುಗೆಮನೆಯಲ್ಲಿ ಕೂತು ಅವರೆಕಾಯಿ ಸುಲಿಯುತ್ತ, “ಈಗಿನ ಅವರೆಗೆ ಸೊಗಡೇ ಇಲ್ಲ ಕಣಮ್ಮಾ” ಎಂದು ಗೊಣಗುತ್ತಿದ್ದರು. ಅವರ ಪಕ್ಕದಲ್ಲೇ ಒಲೆಯ ಮೇಲಿದ್ದ ಹಾಲು ಸೀದು ಮನೆಯೆಲ್ಲ ನಾರುತ್ತಿತ್ತು! ನಾನೇ ಓಡಿಬಂದು ಒಲೆ ಆರಿಸಿದೆ. ಅವರು ಅಂಗಡಿಗೆ ಹೋದ ಮೇಲೆ ಅತ್ತೆ ನಕ್ಕರು.

“ಅವ್ರಿಗೆ ವಾಸ್ನೆ ಗೊತ್ತಾಗ್ದೆ ವರ್ಷಗಳಾದ್ವು ಕಣೇ. ಆ ಪಂಕ್ಚರ್ ಸಲ್ಯೂಷನ್ ಮೂಸೀ ಮೂಸೀ ಮೂಗು ಹೊಂಟೋಯ್ತು.”

“ಮತ್ತೆ ಟೈರು, ಮಟ್ಟೆ ಅಂತಾರಲ್ಲತ್ತೆ?”

“ಚಳಿಗಾಲದಲ್ಲಿ ಈ ಊರಲ್ಲಿ ಟೈರು ಸುಡದೇ ಇರೋ ದಿನ ಯಾವ್ದೈತೆ ಹೇಳು?”

“ಗಾಳಿ ಕೆಟ್ಟಿದೆ ಅಂತ ಹೆಂಗೆ ಗೊತ್ತಾಗತ್ತೆ?”

ಅತ್ತೆ ಅವರೆ ಸಿಪ್ಪೆಯನ್ನು ಮೊರಕ್ಕೆ ಬಳಿದರು.

“ಎದ್ದ ತಕ್ಷಣ ನನ್ನ ಬೆನ್ನಿಗೆ ಕಿವಿ ಇಟ್ಟು ಕೇಳ್ತಾರೆ. ಸಿಳ್ಳೆ ಜಾಸ್ತಿ ಇದ್ರೆ ಊರ ಗಾಳಿ ಕೆಟ್ಟೈತೆ ಅಂತ. ನನಗೆ ನಿದ್ದೆ ಅಂತ ತಿಳ್ಕಂಡವ್ರೆ. ಎದ್ರೆ ನಾಚ್ಕೋತಾರೆ ಅಂತ ಕಣ್ಮುಚ್ಕಂಡು ಬಿದ್ದಿರ್ತೀನಿ. ಗಾಬರಿ ಬೀಳದಿರ್ಲಿ ಅಂತ ಮೆಲ್ಲಗೆ ಉಸಿರಾಡ್ತೀನಿ. ಆದ್ರೂ ಸಿಕ್ಕಾಕ್ಕೋತೀನಿ.”

ಆ ಮೂಗನ್ನು ಇಷ್ಟು ದಿನ ಮೆಚ್ಚಿಕೊಂಡಿದ್ದೆ, ಈಗ ಆ ಕಿವಿಗೆ ಕೈ ಮುಗಿಯೋಣ ಎನಿಸಿತು.

ಮರುದಿನ ಬೆಳಗ್ಗೆ ಮಾವ ಎಂದಿನಂತೆ ಜಗಲಿಯಲ್ಲಿ ನಿಂತು ಮೂಗರಳಿಸಿದರು. “ಇವತ್ತು ಚೆನ್ನಾಗೈತೆ ಕಣ್ರೋ, ಕಿಟ್ಕಿ ತೆಗೀರಿ!” ನಮ್ಮ ಅತ್ತೆಯ ಉಸಿರು ಹಗುರವಾಯಿತೆಂದು ಒಂದಾದ ಮೇಲೊಂದರಂತೆ ಇಡೀ ಬೀದಿಯ ಕಿಟಕಿಗಳು ತೆರೆದುಕೊಂಡವು.