ಗುಂಡ್ಲುಪೇಟೆಯಿಂದ ಇಳಿಯದ ಎರಡು ಪರ್ಸೆಂಟು

ಕೋಪ ಯಾರಿಗೆ ಬೇಕಾದರೂ ಬರುತ್ತದೆ. ಕಟ್ಟಿಹಾಕಿದ ನಾಯಿಗೂ ಬರುತ್ತದೆ. ಆದರೆ ಮುನಿಸು ಹಾಗಲ್ಲ. ಅದನ್ನು ಬರಿಸಿಕೊಂಡು, ಹೊತ್ತು ಹೊತ್ತಿಗೆ ಉಣಿಸಿ, ಆರಿಹೋಗದಂತೆ ವರ್ಷಗಟ್ಟಲೆ ಸಾಕುವುದಕ್ಕೆ ಅಪಾರ ತಾಳ್ಮೆ ಬೇಕು. ಆ ತಾಳ್ಮೆ ನನಗೆ ಹುಟ್ಟಿನಿಂದಲೇ ಇದೆ. ಮದುವೆಯ ಪಂಕ್ತಿಯಲ್ಲಿ ನನ್ನ ಎಲೆಗೆ ಹಪ್ಪಳ ಬೀಳದಿದ್ದುದಕ್ಕೆ ಒಬ್ಬ ಸೋದರಮಾವನೊಡನೆ ಮೂರು ಹಬ್ಬ ಮಾತು ಬಿಟ್ಟವನು ನಾನು. ಇಂಥ ತಾಳ್ಮೆಯವನ ಕಣ್ಣಲ್ಲೂ ನೀರು ಬರುವಂತೆ ಮಾಡಿದ್ದು ಟೊರೆಂಟ್ ಎಂಬ ಒಂದು ಯಂತ್ರವಿದ್ಯೆ.

ನನ್ನ ಷಡ್ಡಕ, ಅಂದರೆ ನನ್ನ ಹೆಂಡತಿ ನಾಗಮಣಿಯ ತಂಗಿ ಸುಧಾಳ ಗಂಡ ಮರಿಸ್ವಾಮಿ, ಬಂಡೀಪುರದಲ್ಲಿ ಅರಣ್ಯ ಇಲಾಖೆಯ ಗುಮಾಸ್ತ. ಮನೆ ಗುಂಡ್ಲುಪೇಟೆಯಲ್ಲಿ. ಅವನು ಹೊಸ ಮನೆ ಕಟ್ಟಿಸಿ ಗೃಹಪ್ರವೇಶಕ್ಕೆ ನನ್ನನ್ನು ಫೋನಿನಲ್ಲಿ ಕರೆದ. ಗಮನಿಸಿ, ಫೋನಿನಲ್ಲಿ! ಗಂಡ ಹೆಂಡತಿ ಇಬ್ಬರೂ ಚಾಮರಾಜನಗರಕ್ಕೆ ಬಂದು, ಜಗಲಿಯ ಮೇಲೆ ಕೂತು, ನೀರು ಕುಡಿದು, ಕುಂಕುಮ ಕೊಟ್ಟು ಕರೆಯಬೇಕಾದದ್ದು ನಮ್ಮ ಕಡೆಯ ಪದ್ಧತಿ. ಹಿರಿಯ ಅಳಿಯನನ್ನು ಗ್ಯಾಸ್ ಸಿಲಿಂಡರ್ ಬುಕ್ ಮಾಡಿದ ಹಾಗೆ ಬುಕ್ ಮಾಡಿದರೆ ಹೇಗೆ? ನಾನು ನೆಗಡಿ ಎಂದು ಹೇಳಿ ಹೋಗಲಿಲ್ಲ. ನಾಗಮಣಿ ಒಬ್ಬಳೇ ಹೋಗಿ ಬಂದಳು. "ಪಾಪ, ಗಾರೆಯವ್ರು ಕೈ ಕೊಟ್ಟು ಅವ್ರು ಒದ್ದಾಡ್ತಿದ್ರು. ಫೋನಲ್ಲಿ ಕರದ್ರೆ ಕರ್ದಂಗಲ್ವ?" ಎಂದಳು. ಅಲ್ಲ ಎಂದೆ. ಅಂದಿನಿಂದ ಷಡ್ಡಕರಿಬ್ಬರಿಗೂ ಮಾತಿಲ್ಲ, ಹೋಗಿ ಬರುವುದಿಲ್ಲ. ಅಕ್ಕ ತಂಗಿ ಮಾತ್ರ ಫೋನಿನಲ್ಲೇ ಸಂಸಾರ ಮಾಡಿಕೊಂಡಿದ್ದರು.

ಹೀಗೆ ನನ್ನ ಮುನಿಸು ಸೊಂಪಾಗಿ ಬೆಳೆಯುತ್ತಿರುವಾಗ ತೆರಕಣಾಂಬಿಯಲ್ಲಿ ನನ್ನ ಬಾಮೈದ ಕುಮಾರನ ಮದುವೆ ಗೊತ್ತಾಯಿತು. ಚಪ್ಪರದ ದಿನ ಹೆಂಗಸರು ಹೇಳುವ ಒಂದು ಸೋಬಾನೆ ಪದ ನಾಗಮಣಿಯ ತವರಿನಲ್ಲಿ ತಲೆತಲಾಂತರದಿಂದ ಬಂದದ್ದು. ಅದು ಪೂರ್ತಿ ಬರುತ್ತಿದ್ದದ್ದು ಅವಳ ಅಜ್ಜಿಗೆ ಒಬ್ಬರಿಗೇ. ಅಜ್ಜಿ ಹಿಂದಿನ ವರ್ಷ ತೀರಿಕೊಂಡಿದ್ದರು. ನಾಗಮಣಿಗೆ ಮೊದಲ ಎರಡು ನುಡಿ ಬರುತ್ತಿತ್ತು, ಅತ್ತೆಗೆ ನಡುವಿನದು ಚೂರುಪಾರು, ಮಿಕ್ಕದ್ದು ಯಾರಿಗೂ ಇಲ್ಲ. ಅಜ್ಜಿ ಅದನ್ನು ಬಾಯಿ ತುಂಬ ಹೇಳಿದ್ದು ಒಂದೇ ಕಡೆ ಉಳಿದಿತ್ತು: ಸುಧಾ ಮತ್ತು ಮರಿಸ್ವಾಮಿಯ ಮದುವೆಯ ವಿಡಿಯೋದಲ್ಲಿ. ಕ್ಯಾಸೆಟ್ಟಿಗೆ ಬೂಷ್ಟು ಹಿಡಿದು ಹಾಳಾಗಿತ್ತು. ಹಾಳಾಗುವ ಮುಂಚೆ ಪುಣ್ಯಕ್ಕೆ ಮರಿಸ್ವಾಮಿ ಅದನ್ನು ಸ್ಟುಡಿಯೋದವರಿಂದ ತನ್ನ ಕಂಪ್ಯೂಟರಿಗೆ ಹಾಕಿಸಿಕೊಂಡಿದ್ದ.

"ಒಂದ್ಗಳಿಗೆ ಗುಂಡ್ಲುಪೇಟೆಗೆ ಹೋಗಿ ಈಸ್ಕಂಡು ಬನ್ನಿ" ಎಂದಳು ನಾಗಮಣಿ. ಹೋಗುವುದೇ? ನಾನೇ? ಆ ಹೊಸಿಲಿಗೆ? ಅವನಾದರೂ ಸಿಡಿಗೆ ಹಾಕಿ ಕಳಿಸಬಹುದಿತ್ತು, ಆದರೆ ಅವನ ಕಂಪ್ಯೂಟರಿನ ಸಿಡಿ ತಟ್ಟೆ ಒಳಗೆ ಹೋದದ್ದು ಹೊರಗೆ ಬರುತ್ತಿರಲಿಲ್ಲ. ಪೆನ್ ಡ್ರೈವುಗಳಿಗೆ ಆ ಕಾಲದಲ್ಲಿ ಒಂದು ಮದುವೆ ಹಿಡಿಯುವಷ್ಟು ಹೊಟ್ಟೆ ಇರಲಿಲ್ಲ. ಆಗ ನಮ್ಮ ಕಚೇರಿಯ ಕಂಪ್ಯೂಟರ್ ಆಪರೇಟರ್ ಲೋಕೇಶ, ಒಂದು ಟೀಗೆ ಒಂದು ಸಲಹೆ ಕೊಡುವ ತಜ್ಞ, ಟೊರೆಂಟಿನ ವಿಷಯ ಹೇಳಿದ. ದೊಡ್ಡ ಫೈಲನ್ನು ಸಾವಿರಾರು ಚೂರು ಮಾಡಿ, ಒಂದು ಮನೆಯ ಕಂಪ್ಯೂಟರಿನಿಂದ ಇನ್ನೊಂದು ಮನೆಯ ಕಂಪ್ಯೂಟರಿಗೆ ನೇರವಾಗಿ ಇಳಿಸಿಕೊಳ್ಳುವುದಂತೆ. ಮಧ್ಯೆ ಯಾರ ಹಂಗೂ ಇಲ್ಲ. ಪೂರ್ತಿ ಫೈಲು ಇಟ್ಟುಕೊಂಡು ಕೊಡುವವನಿಗೆ ಸೀಡ್ ಎಂದು ಹೆಸರು. ನನಗೆ ಇದು ಬಹಳ ಹಿಡಿಸಿತು. ಮನುಷ್ಯರು ಮುಖ ನೋಡಬೇಕಾಗಿಲ್ಲ, ಯಂತ್ರಗಳು ಮಾತಾಡಿಕೊಳ್ಳುತ್ತವೆ. ಮುನಿಸಿಕೊಂಡ ನೆಂಟರಿಗೆಂದೇ ಯಾರೋ ಕಂಡುಹಿಡಿದಿರಬೇಕು ಅನ್ನಿಸಿತು. "ನಾನು ಹೋಗಲ್ಲ, ನನ್ನ ಕಂಪ್ಯೂಟರ್ ಹೋಗಿ ತರುತ್ತೆ" ಎಂದು ಮನೆಯಲ್ಲಿ ಘೋಷಿಸಿದೆ.

ನಾಗಮಣಿ ಇದನ್ನು ತನ್ನ ತಾಯಿಗೆ ಫೋನಿನಲ್ಲಿ ವಿವರಿಸಿದ್ದು ನನಗಿಂತ ಚೆನ್ನಾಗಿತ್ತು. "ಮುಯ್ಯಾಳು ಇದ್ದಂಗೆ ಕಣವ್ವ. ಅವ್ರ ಹೊಲ್ದಲ್ಲಿ ನಾವು ಕಳೆ ಕಿತ್ತು, ನಮ್ಮ ಹೊಲ್ದಲ್ಲಿ ಅವ್ರು ಕೀಳಾದು. ಆದ್ರೆ ಇವ್ರಿಬ್ರೂ ಬದುವಿನ ಮೇಲೆ ನಿಂತ್ಕಂಡು ಮೊಕ ತಿರುಗ್ಸ್ಕಂಡವ್ರೆ, ಅಷ್ಟೇಯ."

ಮರಿಸ್ವಾಮಿಗೂ ಈ ವಿದ್ಯೆ ಗೊತ್ತಿತ್ತು. ಸುಧಾಳ ಮೂಲಕ ಸಂದೇಶ ಹೋಯಿತು, ಅವನಿಂದ ಈಮೇಲಿನಲ್ಲಿ ಟೊರೆಂಟಿನ ಪುಟ್ಟ ಚೀಟಿಯಂಥ ಫೈಲು ಬಂತು. ಅದನ್ನು ತೋರಿಸಿದರೆ ಮದುವೆ ತಾನಾಗಿ ಇಳಿಯಬೇಕು. ನಾನು ಮಂಗಳವಾದ್ಯವೊಂದು ಕಡಿಮೆ ಎನ್ನುವಂತೆ ಮನೆಯವರನ್ನೆಲ್ಲ ಕೂರಿಸಿಕೊಂಡು ಗುಂಡಿ ಒತ್ತಿದೆ. ಪರದೆಯ ಮೇಲೆ ಸೊನ್ನೆ ಪರ್ಸೆಂಟ್ ಎಂದು ಬಂತು. ಊಟ ಮಾಡಿ ಬಂದು ನೋಡಿದರೂ ಸೊನ್ನೆಯೇ. ಬಾಕಿ ಇರುವ ಸಮಯ ತೋರಿಸಬೇಕಾದ ಜಾಗದಲ್ಲಿ ಒಂದು ವಿಚಿತ್ರ ಗುರುತು. "ಅದ್ಯಾಕ್ರೀ ಅಲ್ಲಿ ಎಂಟು ಅಡ್ಡ ಮಲಿಕ್ಕಂಡದೆ?" ಎಂದಳು ನಾಗಮಣಿ. ಅದು ಅನಂತ ಎಂಬುದರ ಚಿಹ್ನೆ, ಅಂದರೆ ಯಾವತ್ತೂ ಮುಗಿಯುವುದಿಲ್ಲ ಎಂದು ಅರ್ಥ ಅಂತ ನಾನು ಹೇಳಬೇಕಾಯಿತು. "ನಿಮ್ ಮುನುಸಿನಂಗೆ" ಎಂದು ಅವಳು ಒಳಗೆ ಹೋದಳು.

ಲೋಕೇಶ ಒಂದು ಟೀ ಕುಡಿದು ರೋಗ ಪತ್ತೆ ಮಾಡಿದ. "ಸೀಡ್ ಇಲ್ಲ ಸಾ. ಆ ಕಡೆ ಕಂಪ್ಯೂಟರ್ ಆನ್ ಆಗಿಲ್ಲ." ವಿಷಯ ಇಷ್ಟೇ: ನಮ್ಮಲ್ಲಿ ಕರೆಂಟ್ ಇದ್ದಾಗ ಗುಂಡ್ಲುಪೇಟೆಯಲ್ಲಿ ಇರುತ್ತಿರಲಿಲ್ಲ, ಅಲ್ಲಿ ಬರುವ ಹೊತ್ತಿಗೆ ನಮ್ಮಲ್ಲಿ ತೆಗೆಯುತ್ತಿದ್ದರು. ಎರಡೂ ಕಡೆ ಒಟ್ಟಿಗೆ ಕರೆಂಟ್ ಇರುವ ಗಳಿಗೆ ಮುಹೂರ್ತದಷ್ಟೇ ಅಪರೂಪ. ಆ ಗಳಿಗೆಯಲ್ಲೂ ಸುಧಾ, ಯಾರೂ ಮುಂದೆ ಕೂರದೆ ಸುಮ್ಮನೆ ಉರಿಯುತ್ತಿದೆಯಲ್ಲ ಎಂದು ಕಂಪ್ಯೂಟರ್ ಆರಿಸಿ, ಕಸೂತಿ ಹಾಕಿದ ಗೌಸನ್ನು ಹೊದಿಸಿಬಿಡುತ್ತಿದ್ದಳು. ಆರಿಸಬೇಡ ಎಂದು ಹೇಳಿಸಿದೆವು. ಆಗಲೂ ಇಳಿಯಲಿಲ್ಲ. ಎರಡನೆಯ ಟೀಗೆ ಗೊತ್ತಾಯಿತು, ಕಳ್ಳ ವೈರಸ್ಸುಗಳು ಬರದಿರಲಿ ಎಂದು ನಾನೇ ಎರಡೆರಡು ಕಾವಲು ತಂತ್ರಾಂಶ ಹಾಕಿಕೊಂಡಿದ್ದೆ, ಅವು ಷಡ್ಡಕನ ಮದುವೆಯನ್ನು ಬಾಗಿಲಲ್ಲೇ ತಡೆದು ನಿಲ್ಲಿಸಿದ್ದವು. ನನ್ನ ಕಂಪ್ಯೂಟರಿಗೂ ನನ್ನ ಸ್ವಭಾವ ಬಂದಿದೆಯಲ್ಲ ಎಂದು ಒಳಗೊಳಗೇ ಹೆಮ್ಮೆಪಟ್ಟು ಒಂದನ್ನು ತೆಗೆದೆ, ಇನ್ನೊಂದಕ್ಕೆ ತಿಳಿಹೇಳಿದೆ.

ಆಮೇಲೆ ಇಳಿಯತೊಡಗಿತು, ಆದರೆ ಎರಡು ಹೆಜ್ಜೆ ಇಟ್ಟು ನಿಲ್ಲುವ ಮೊಂಡು ಎತ್ತಿನಂತೆ. ಸ್ವಲ್ಪ ಇಳಿಯುವುದು, ನಿಲ್ಲುವುದು. ನಿಂತ ಕೂಡಲೇ ನಾನು "ನೋಡು, ನಿನ್ನ ತಂಗಿ ಮತ್ತೆ ಆರಿಸಿದಳು" ಎನ್ನುತ್ತಿದ್ದೆ. ನಾಗಮಣಿ ಕೂಡಲೇ ಫೋನ್ ಎತ್ತುತ್ತಿದ್ದಳು. "ಆರ್ಸಿಲ್ಲ ಕಣಕ್ಕ, ಉರೀತಾನೇ ಅದೆ" ಎನ್ನುತ್ತಿದ್ದಳು ಸುಧಾ. ಹೇಗೂ ಫೋನ್ ಎತ್ತಿದ್ದಾಯಿತಲ್ಲ ಎಂದು ಇಬ್ಬರೂ ಮದುವೆಯ ಸೀರೆ, ಕುಮಾರನ ಹುಡುಗಿಯ ಬಣ್ಣ, ಉಪ್ಪಿನಕಾಯಿ, ನೆರೆಮನೆಯವರ ಜಗಳ ಎಲ್ಲ ಮುಗಿಸಿ ಇಡುವ ಹೊತ್ತಿಗೆ ಒಂದು ಕಡೆ ಕರೆಂಟ್ ಹೋಗಿರುತ್ತಿತ್ತು. ಹೀಗೆ ವಾರಗಳು ಕಳೆದವು. ಲೋಕೇಶ ಒಂದು ದಿನ, ಈ ಸಲ ವಡೆಯೂ ಸೇರಿಸಿ, ಕೇಳಿದ. "ಸಾ, ಇಂಟರ್‌ನೆಟ್ ಕೊಡುವಾಗ ಫೋನಿಗೆ ಹಾಕಾಕೆ ಒಂದು ಸಣ್ಣ ಡಬ್ಬಿ ಕೊಟ್ಟಿದ್ರಲ್ಲ, ಸ್ಪ್ಲಿಟರ್ ಅಂತ, ಅದನ್ನ ಹಾಕಿದ್ದೀರಾ?"

ಹಾಕಿರಲಿಲ್ಲ. ಚೆನ್ನಾಗಿದೆ, ಕಳೆದುಹೋದೀತು ಎಂದು ಅದನ್ನು ಪ್ಲಾಸ್ಟಿಕ್ಕು ಸಮೇತ ಬೀರುವಿನಲ್ಲಿ ರೇಷ್ಮೆ ಸೀರೆಗಳ ಕೆಳಗೆ ಇಟ್ಟಿದ್ದೆ. ಆ ಡಬ್ಬಿ ಇಲ್ಲದಿದ್ದರೆ ಫೋನ್ ಎತ್ತಿದ ಕೂಡಲೇ ಇಂಟರ್‌ನೆಟ್ ಕಡಿದುಹೋಗುತ್ತದಂತೆ. ಅಂದರೆ ಇಷ್ಟು ದಿನ ಯಾಕೆ ನಿಂತಿತು ಎಂದು ಕೇಳಲು ಮಾಡಿದ ಫೋನೇ ಅದನ್ನು ಗಂಟೆಗಟ್ಟಲೆ ನಿಲ್ಲಿಸುತ್ತಿತ್ತು! ವಿಚಾರಿಸಿದರೆ ಗುಂಡ್ಲುಪೇಟೆಯಲ್ಲೂ ಅದೇ ಕಥೆ. ಅವರು ಡಬ್ಬಿಯನ್ನು ದೇವರ ಮನೆಯಲ್ಲಿಟ್ಟಿದ್ದರು. ಈ ಒಂದು ವಿಷಯದಲ್ಲಿ ಮರಿಸ್ವಾಮಿ ನನಗೆ ತಕ್ಕ ಷಡ್ಡಕ ಅನ್ನಿಸಿ, ಮುನಿಸು ಒಂದು ಗಳಿಗೆ ಸಡಿಲವಾಯಿತು. ಕೂಡಲೇ ಬಿಗಿ ಮಾಡಿಕೊಂಡೆ.

ಡಬ್ಬಿ ಹಾಕಿದ ಮೇಲೆ ಫೈಲು ಜರ್ರನೆ ಇಳಿಯಿತು. ಎಪ್ಪತ್ತು, ಎಂಬತ್ತು, ತೊಂಬತ್ತು. ತೊಂಬತ್ತೆಂಟಕ್ಕೆ ಬಂದು ನಿಂತಿತು. ನಿಂತದ್ದು ನಿಂತೇಬಿಟ್ಟಿತು. ಎಂಟು ಮತ್ತೆ ಅಡ್ಡ ಮಲಗಿತು. ಎರಡೂ ಕಡೆ ಕರೆಂಟ್ ಇದೆ, ಕಾವಲಿನ ಅಡ್ಡಿಯಿಲ್ಲ, ಡಬ್ಬಿ ಇದೆ, ಸೀಡ್ ಮಾತ್ರ ಸೊನ್ನೆ. ಸುಧಾಳನ್ನು ಕೇಳಿದರೆ "ಅದೇನೋ ವೈರು ಲೂಸಾಗದಂತೆ" ಎಂದಳು. ನನಗೆ ಎಲ್ಲ ಅರ್ಥವಾಯಿತು. ಕಚೇರಿಯಲ್ಲಿ ಇಪ್ಪತ್ತು ವರ್ಷ ಮೇಜಿನ ಈಚೆ ಕೂತು, ಎಲ್ಲ ಆಗಿದೆ, ಒಂದು ಸಹಿ ಬಾಕಿ, ನಾಳೆ ಬನ್ನಿ ಎಂದು ಜನರನ್ನು ಸಂತೆಮರಹಳ್ಳಿಗೂ ತೆರಕಣಾಂಬಿಗೂ ವಾಪಸ್ಸು ಅಟ್ಟಿದವನಿಗೆ ಈ ತೊಂಬತ್ತೆಂಟರ ಗುಟ್ಟು ತಿಳಿಯದೇ? "ಬೇಕೆಂದೇ ಹಿಡಿದಿಟ್ಟಿದ್ದಾನೆ. ಕೊನೆಯ ಎರಡು ಪರ್ಸೆಂಟಿಗೆ ನಾನೇ ಹೋಗಿ ಕೈ ಒಡ್ಡಲಿ ಅಂತ" ಎಂದೆ. ನಾಗಮಣಿ ಒಲೆಯ ಮುಂದೆ ನಿಂತು ಆ ಎರಡು ನುಡಿಯನ್ನೇ ಮತ್ತೆ ಮತ್ತೆ ಹೇಳಿಕೊಳ್ಳುತ್ತಿದ್ದಳು. ಮೂರನೆಯದು ಬರುವ ಜಾಗದಲ್ಲಿ ನಿಂತು ಸೆರಗಿನಿಂದ ಕಣ್ಣೊರೆಸಿಕೊಂಡಳು. ನನಗೆ ಬಹಳ ಸಂಕಟವಾಯಿತು. ಆದರೂ ಬಸ್ಸು ಹತ್ತಲಿಲ್ಲ.

ಚಪ್ಪರ ಹತ್ತಿರ ಬಂದಾಗ ಒಂದು ಮಧ್ಯಾಹ್ನ ಕಚೇರಿಗೆ ಫೋನ್ ಬಂತು. "ಅಣ್ಣ, ನಾನು ಕಣಣ್ಣ, ಮರಿಸ್ವಾಮಿ." ನಾನು ಗಂಟಲು ಸರಿಮಾಡಿಕೊಂಡು, ಗೆದ್ದವನ ಗತ್ತಿನಲ್ಲಿ "ಹೂಂ" ಎಂದೆ. "ವೋಲ್ಟೇಜ್ ಎಚ್ಚಾಗಿ ನಮ್ ಕಂಪ್ಯೂಟರ್ ಸುಟ್ಟೋಯ್ತು ಕಣಣ್ಣ. ಮೈಸೂರಲ್ಲೂ ತೋರ್ಸ್ದೆ, ಹಾರ್ಡ್ ಡಿಸ್ಕು ಇನ್ನು ಏಳಕಿಲ್ಲ ಅಂದ್ಬುಟ್ರು. ಸುಧಂಗೆ ವೈರು ಲೂಸು ಅಂತ ಸುಳ್ಳು ಯೋಳಿದ್ದೆ. ಇವತ್ತು ಗೊತ್ತಾಯ್ತು, ಅಳ್ತಾ ಕುಂತವಳೆ." ಅವನೇ ಮುಂದುವರಿಸಿದ. "ಕ್ಯಾಸೆಟ್ಟೂ ಇಲ್ಲ, ಡಿಸ್ಕೂ ಇಲ್ಲ. ನಮ್ ಮದ್ವೆ ಈಗ ನಿಮ್ಮನೇಲಿ ಮಾತ್ರ ಅದೆ ಕಣಣ್ಣ."

ನನ್ನ ಗತ್ತೆಲ್ಲ ಇಳಿದುಹೋಯಿತು. ಅವನ ಮದುವೆ, ಅಜ್ಜಿಯ ದನಿ, ಎಲ್ಲವೂ ನನ್ನ ಮೇಜಿನ ಕೆಳಗಿನ ಧೂಳಿನ ಡಬ್ಬದಲ್ಲಿ, ಅದೂ ಎರಡು ಪರ್ಸೆಂಟು ಕಡಿಮೆ. ಕೊರತೆ ಇದ್ದರೂ ಓಡುತ್ತದೆ, ಚೂರು ಬಿಟ್ಟುಹೋದ ಕಡೆ ಚಿತ್ರ ಚೌಕ ಚೌಕವಾಗುತ್ತದೆ ಅಷ್ಟೆ ಎಂದ ಲೋಕೇಶ. ಇಬ್ಬರ ಮಾನವೂ ಉಳಿಯುವಂತೆ ಮಧ್ಯದ ತೆರಕಣಾಂಬಿಯಲ್ಲಿ, ಅತ್ತೆಯ ಮನೆಯಲ್ಲಿ ಸೇರುವುದೆಂದಾಯಿತು. ಸಿಡಿಗೆ ಬರೆಯುವ ಸೌಕರ್ಯ ನನ್ನದರಲ್ಲೂ ಇಲ್ಲದ್ದರಿಂದ ಸಿಪಿಯುವನ್ನೇ ಟವೆಲಿನಲ್ಲಿ ಸುತ್ತಿ ಬಸ್ಸು ಹತ್ತಿದೆ. ತೊಡೆಯ ಮೇಲಿಟ್ಟು ಅವುಚಿಕೊಂಡು ಕೂತ ನನ್ನನ್ನು ಕಂಡಕ್ಟರ್ ದಿಟ್ಟಿಸಿ, "ಕೂಸಾಗಿದ್ರೆ ಟಿಕೆಟ್ ಬ್ಯಾಡ ಅನ್ಬೋದಿತ್ತು ಸಾ. ಇದ್ಕೆ ಲಗೇಜು ಆಯ್ತದೆ" ಎಂದ. ಪಕ್ಕದಲ್ಲಿದ್ದ ನಾಗಮಣಿ ಕಿಟಕಿಯ ಕಡೆ ತಿರುಗಿ ನಕ್ಕಳು.

ಆ ಕಡೆಯಿಂದ ಮರಿಸ್ವಾಮಿ ಬೆನ್ನಿಗೆ ಗೂನು ಇರುವ ತನ್ನ ದೊಡ್ಡ ಮಾನಿಟರನ್ನು ಹೊತ್ತು ಸುಧಾಳೊಡನೆ ಬಸ್ಸಿಳಿದ. ಹಜಾರದಲ್ಲಿ ನನ್ನ ಡಬ್ಬಕ್ಕೂ ಅವನ ಮಾನಿಟರಿಗೂ ತಂತಿ ಸೇರಿಸಿ ಒಂದು ಕಂಪ್ಯೂಟರ್ ಮಾಡಿದೆವು. ಇಬ್ಬರೂ ಮಾತಾಡಿದ್ದು "ಆ ಪಿನ್ನು", "ಈ ಪಿನ್ನು" ಎಂದಷ್ಟೇ. ಗುಂಡಿ ಒತ್ತಿದೆ. ಪರದೆಯಲ್ಲಿ ಚಪ್ಪರ ಕಂಡಿತು, ಚಪ್ಪರದ ಕೆಳಗೆ ಅಜ್ಜಿ ಬಾಯಿಂದ ಎಲೆ ಅಡಕೆ ತೆಗೆದು ದನಿ ಎತ್ತಿದರು. ಒಂದು ಚೌಕವೂ ಅಡ್ಡ ಬರಲಿಲ್ಲ. ಮೂರನೆಯ ನುಡಿ ಬಂದಾಗ ನಾಗಮಣಿ "ಅದೇ, ಅದೇ!" ಎಂದು ಸುಧಾಳ ಕೈ ಹಿಡಿದಳು. ಅತ್ತೆ ಮಾನಿಟರಿನ ಗಾಜನ್ನು ಒಮ್ಮೆ ಸವರಿ ಕೂತಲ್ಲೇ ಅತ್ತರು. ಪದ ಕೊನೆಯವರೆಗೂ ಬಂತು. ಅಕ್ಕ ತಂಗಿ ಅದನ್ನು ಮತ್ತೆ ಮತ್ತೆ ಹಾಕಿಸಿ, ಬಾಯಿಪಾಠ ಆಗುವವರೆಗೂ ಬಿಡಲಿಲ್ಲ. ನಾನು ನನ್ನ ಕಂಪ್ಯೂಟರಿನ ಪಕ್ಕದಲ್ಲಿ, ಕೂಸು ಹೆತ್ತವನ ಹಾಗೆ ಬೀಗಿಕೊಂಡು ನಿಂತಿದ್ದೆ.

ಅಷ್ಟಕ್ಕೇ ಆರಿಸಿದ್ದರೆ ಚೆನ್ನಾಗಿತ್ತು. "ಇರ್ಲಿ ಬುಡಿ, ಮುಂದುಕ್ಕೂ ನೋಡನ" ಎಂದರು ಅತ್ತೆ. ಧಾರೆ ಆಯಿತು, ಊಟದ ಪಂಕ್ತಿ ಬಂತು. ಅಲ್ಲಿ ಬಿಟ್ಟುಹೋದ ಚೂರುಗಳು ಸಿಕ್ಕಿದವು. ಹಸಿರು ನೇರಳೆ ಚೌಕಗಳ ರಾಶಿ, ಯಾರ ಮುಖವೂ ಕಾಣದು, ದನಿ ಮಾತ್ರ ಗಂಟೆ ಹೊಡೆದಂತೆ ಸ್ಪಷ್ಟ. "ನೋಡಪ್ಪ ಮರಿಸ್ವಾಮಿ, ಷಡ್ಡಕರ ಮಧ್ಯೆ ಉಪಚಾರ ಗಿಪಚಾರ ಇಟ್ಕಬೇಡ. ಮನೆಗೆ ಬಂದೇ ಕರೀಬೇಕು ಅಂತ ಏನಿಲ್ಲ. ಒಂದು ಫೋನ್ ಮಾಡು ಸಾಕು, ಓಡಿ ಬರ್ತೀನಿ."

ಯಾರ ದನಿ ಎಂದು ಯಾರೂ ಕೇಳಲಿಲ್ಲ. ಎಲ್ಲರೂ ನನ್ನ ಕಡೆ ತಿರುಗಿದರು. ನಾಗಮಣಿ ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದಳು. ಮರಿಸ್ವಾಮಿ ನಗಲಿಲ್ಲ, ನೆಲ ನೋಡುತ್ತ ಮೆಲ್ಲಗೆ ಹೇಳಿದ. "ನಾನು ಅದನ್ನೇ ನಂಬ್ಕಂಡು ಫೋನ್ ಮಾಡ್ಬುಟ್ಟೆ ಕಣಣ್ಣ." ಯಾವ ಎರಡು ಪರ್ಸೆಂಟಿಗಾಗಿ ಕಂಡ ದೇವರಿಗೆಲ್ಲ ಕೈ ಮುಗಿದಿದ್ದೆನೋ, ಅದರ ಜೊತೆ ಈ ನಾಲ್ಕು ಮಾತೂ ಗುಂಡ್ಲುಪೇಟೆಯಲ್ಲೇ ಉಳಿದು ಸುಟ್ಟುಹೋಗಬಾರದಿತ್ತೇ ಅನ್ನಿಸಿತು. ಈಗಲಾದರೂ ಕರೆಂಟ್ ಹೋಗಲಿ ಎಂದು ಬಲ್ಬಿನ ಕಡೆ ನೋಡಿದೆ. ಬೇಡದಾಗೆಲ್ಲ ಹೋಗುತ್ತಿದ್ದ ಕರೆಂಟ್ ಅವತ್ತು ತೆರಕಣಾಂಬಿಯಲ್ಲಿ ಸಂಜೆಯವರೆಗೂ ಹೋಗಲಿಲ್ಲ.

ಹೊರಡುವಾಗ ಮರಿಸ್ವಾಮಿ ಮಾನಿಟರಿಗೆ ಕೈ ಹಾಕಿದ. "ಬಿಡು, ನಾನು ಹಿಡ್ಕತೀನಿ" ಎಂದು ಕಸಿದುಕೊಂಡು, ನನ್ನ ಸಿಪಿಯುವನ್ನು ಅತ್ತೆಯ ಮನೆಯಲ್ಲೇ ಬಿಟ್ಟು, ನಾಗಮಣಿಯನ್ನೂ ಕರೆದುಕೊಂಡು ಗುಂಡ್ಲುಪೇಟೆಯ ಬಸ್ಸು ಹತ್ತಿ ತೊಡೆಯ ಮೇಲಿಟ್ಟುಕೊಂಡೆ. ಅವನ ಹೊಸ ಮನೆಯ ಹೊಸಿಲನ್ನು ನಾನು ಮೊದಲ ಸಲ ದಾಟಿದ್ದು ಹಾಗೆ, ಎದೆಯ ಮೇಲೊಂದು ಮಾನಿಟರ್ ಹೊತ್ತು. ಸುಧಾ ನೀರು ತಂದುಕೊಟ್ಟಳು. ಕುಡಿಯುತ್ತಿರುವಾಗ ನೆನಪಾಯಿತು, ಈ ಸಲ ನನ್ನನ್ನು ಯಾರೂ ಕರೆದಿರಲಿಲ್ಲ. ಫೋನಿನಲ್ಲಿ ಕೂಡ.