ಹತ್ತುವ ಮೊದಲೇ ಆದ ಸನ್ಮಾನ

ಸಾಧಾರಣವಾಗಿ ಮನುಷ್ಯ ಮೊದಲು ಏನಾದರೊಂದು ಸಾಧಿಸುತ್ತಾನೆ, ಆಮೇಲೆ ಊರವರು ಕರೆದು ಶಾಲು ಹೊದಿಸುತ್ತಾರೆ. ನನ್ನ ವಿಷಯದಲ್ಲಿ ಇದು ತಿರುಗುಮುರುಗಾಯಿತು. ಮೊದಲು ಶಾಲು ಬಂತು, ಸಾಧಿಸುವ ಪಾಡು ಅದರ ಹಿಂದೆ ಬಂತು. ಶಾಲು ಹೊದ್ದವನ ಕಷ್ಟ ಹೊದ್ದವನಿಗೇ ಗೊತ್ತು.

ನಾನು ಕೊಟ್ಟೂರಿನ ಹೈಸ್ಕೂಲೊಂದರಲ್ಲಿ ಭೂಗೋಳದ ಮೇಷ್ಟ್ರು. ವರ್ಷಗಟ್ಟಲೆ ಹಿಮಾಲಯವನ್ನು ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಎಬ್ಬಿಸಿ, ಗಂಟೆ ಹೊಡೆದ ಕೂಡಲೇ ಬಟ್ಟೆಯಿಂದ ಒರೆಸಿ ಹಾಕಿದವನು. ತೊಂಬತ್ತರ ದಶಕದ ಕೊನೆಯಲ್ಲಿ ಪೇಪರಿನಲ್ಲಿ ಒಂದು ಜಾಹೀರಾತು ನೋಡಿದೆ. ಉತ್ತರದ ಕಡೆ ಭಾರೀ ಎತ್ತರದ ಒಂದು ಹಿಮಶಿಖರ, ಜೊತೆಗೆ ದಾರಿ ತೋರಿಸುವವರು, ಡೇರೆ, ಊಟ ಎಲ್ಲ ಅವರದೇ, ಅನುಭವ ಬೇಕಿಲ್ಲ ಎಂದಿತ್ತು. ನನ್ನಲ್ಲಿ ಧಾರಾಳವಾಗಿದ್ದದ್ದು ಅದೊಂದೇ, ಅನುಭವವಿಲ್ಲದಿರುವುದು. ಹೆಸರು ಕೊಟ್ಟೆ.

ನಮ್ಮ ಕಡೆ ಮನೆಗಿಂತ ಎತ್ತರ ಇರುವುದಕ್ಕೆಲ್ಲ ಗುಡ್ಡ ಎಂದೇ ಹೆಸರು. ಹಾಗಾಗಿ ಮೇಷ್ಟ್ರು ಗುಡ್ಡ ಹತ್ತಲಿಕ್ಕೆ ಹೊರಟಿದ್ದಾರೆ ಎಂದು ಸುದ್ದಿಯಾಯಿತು. ಗುಡ್ಡ ಎಂದಮೇಲೆ ತುದಿಯಲ್ಲಿ ಗುಡಿ ಇರಲೇಬೇಕು. ಎದುರು ಸಿಕ್ಕವರೆಲ್ಲ ಮೇಲೆ ಯಾವ ದೇವರು ಎಂದು ಕೇಳುವವರೇ. ದೇವರಿಲ್ಲ, ಬರೀ ಹಿಮ ಎಂದರೆ ನನ್ನ ಮುಖವನ್ನೇ ನೋಡಿ, ಮತ್ತೆ ಯಾಕೆ ಹೋಗುತ್ತೀರಿ ಎನ್ನುತ್ತಿದ್ದರು. ಕೊನೆಗೆ ಶಿವನೇ ಇದ್ದಾನೆ ಎಂದುಬಿಟ್ಟೆ. ಮರುದಿನದಿಂದ ಕಾಯಿ, ಕರ್ಪೂರ, ಹರಕೆಯ ಚಿಲ್ಲರೆ ಮನೆಗೆ ಬರತೊಡಗಿದವು. ಎರಡು ಕಾಯಿಯನ್ನು ಸಂಕೋಚಕ್ಕೆ ಚೀಲದಲ್ಲಿ ಹಾಕಿಕೊಂಡೂ ಹೋದೆ.

ಆದರೆ ಹೊರಡುವ ಮೊದಲೇ ನಡುವೆ ಬಂದವರು ಗುರುಬಸಪ್ಪನವರು. ಬಟ್ಟೆ ಅಂಗಡಿಯ ಮಾಲೀಕರು, ನಮ್ಮ ಓಣಿಯ ಗೆಳೆಯರ ಸಂಘಕ್ಕೆ ಕಾರ್ಯದರ್ಶಿಗಳು. ಯಾರಿಗಾದರೂ ಸನ್ಮಾನ ಮಾಡದಿದ್ದರೆ ಅವರಿಗೆ ತಿಂದದ್ದು ಅರಗುವುದಿಲ್ಲ. ನಾನು ಹತ್ತಿ ಬಂದ ಮೇಲೆ ದೊಡ್ಡ ಸಮಾರಂಭವೆಂದು ಗೊತ್ತಾಗಿತ್ತು. ಆದರೆ ಮುಖ್ಯ ಅತಿಥಿಗಳಾಗಿ ಒಪ್ಪಿಕೊಂಡಿದ್ದ ಪಟ್ಟಣ ಪಂಚಾಯಿತಿಯ ಮಾಜಿ ಅಧ್ಯಕ್ಷರಿಗೆ ಆ ತಿಂಗಳು ಪೂರ್ತಿ ಮದುವೆಗಳಂತೆ. ನಾನು ಹೊರಡುವ ಹಿಂದಿನ ವಾರ ಒಂದೇ ಒಂದು ಸಂಜೆ ಬಿಡುವು. ಗುರುಬಸಪ್ಪನವರು ಮನೆಗೇ ಬಂದು, ಹೆಂಗೂ ಹತ್ತೋರಲ್ಲೇನ್ರಿ, ಮೊದಲೇ ಮುಗಿಸಿಬಿಡೋಣ ಎಂದರು. ಬೇಡ ಎನ್ನಲು ಬಾಯಿ ತೆರೆದೆ. ತೆರೆದ ಬಾಯಿಗೆ ಅವರು ಪೇಡೆ ಹಾಕಿದರು.

ಬ್ಯಾನರಿನಲ್ಲಿ ‘ಹಿಮಶಿಖರವನ್ನು ಏರಿದ’ ಎಂದೇ ಬರೆಸಿದ್ದರು. ಆಮೇಲೆ ಇನ್ನೊಂದು ಬರೆಸುವ ಖರ್ಚು ಯಾಕೆ ಎಂದು. ಮಾಜಿ ಅಧ್ಯಕ್ಷರು ಮಾತಿಗೆ ನಿಂತರೆ ಊರ ಚರಂಡಿಯ ವಿಷಯಕ್ಕೂ ಜನರ ಕಣ್ಣಲ್ಲಿ ನೀರು ತರಿಸುವವರು. ನಾನು ಬಿರುಗಾಳಿಯಲ್ಲಿ ಹೇಗೆ ತೆವಳಿದೆ, ಬೆರಳು ಮರಗಟ್ಟಿದರೂ ಧ್ವಜವನ್ನು ಹೇಗೆ ಬಿಡಲಿಲ್ಲ ಎಂದೆಲ್ಲ ವರ್ಣಿಸಿದರು. ಕೇಳುತ್ತ ನನಗೇ ಮೈ ಜುಮ್ಮೆಂದಿತು. ಮುಂದಿನ ಸಾಲಿನಲ್ಲಿ ಕೂತಿದ್ದ ನನ್ನ ಹೆಂಡತಿ ಗೌರಿ ಮಾತ್ರ ಬೆರಳಿನ ಸುದ್ದಿ ಬಂದಾಗ ಬಿಳಿಚಿಕೊಂಡಳು. ಮನೆಗೆ ಬಂದವಳೇ, “ಸನ್ಮಾನ ಅಂತೂ ಆಗೇತಿ. ಇನ್ನ ಹೋಗೋದ್ಯಾಕ?” ಎಂದಳು. ಆಲೋಚಿಸಿದರೆ ಅವಳ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಊರು ಮುಂಗಡವಾಗಿ ಕೊಟ್ಟ ಮರ್ಯಾದೆಯನ್ನು ನಾನು ತೀರಿಸಬೇಕಿತ್ತು.

ನಮ್ಮ ತಂಡದ ನಾಯಕ ಆ ಬೆಟ್ಟಗಳ ಕಡೆಯವನೇ, ಸೈನ್ಯದಲ್ಲಿದ್ದು ಬಂದವನು. ತಲೆನೋವು ಬಂದರೆ ಮುಚ್ಚಿಡಬೇಡಿ, ಮೇಲೆ ಗಾಳಿ ತೆಳು, ತಲೆನೋವೆಂದರೆ ಅಪಾಯ ಎಂದು ಮೊದಲ ದಿನವೇ ಎಚ್ಚರಿಸಿದ್ದ. ಎಲ್ಲರೂ ತಲೆಯಾಡಿಸಿದರು, ಎಲ್ಲರಿಗಿಂತ ಜೋರಾಗಿ ನಾನು. ಕೊನೆಯ ಡೇರೆಗೆ ಹೋಗಿ ಸೇರುವಷ್ಟರಲ್ಲಿ ನನ್ನ ತಲೆ ಸಿಡಿಯುತ್ತಿತ್ತು. ಬಂಡೆಯ ಹಿಂದೆ ಹೋಗಿ ವಾಂತಿ ಮಾಡಿ, ಬಾಯಿ ಒರೆಸಿಕೊಂಡು ಬಂದು, ಗಾಳಿ ಬಹಳ ಚೆನ್ನಾಗಿದೆ ಎಂದು ನಾಯಕನಿಗೆ ಹೇಳಿದೆ. ಶಿಖರ ಎದುರಿಗೇ, ಕೈ ಚಾಚಿದರೆ ಸಿಗುವಂತೆ ನಿಂತಿತ್ತು. ಅದನ್ನು ನೋಡಿದಾಗಲೆಲ್ಲ ನನಗೆ ಆ ಬ್ಯಾನರೇ ಕಾಣುತ್ತಿತ್ತು.

ನಸುಕಿನಲ್ಲಿ ಹೊರಡಬೇಕಾದಾಗ ಬಲಗಾಲಿನ ಬೂಟನ್ನು ಎಡಗಾಲಿಗೆ ತುರುಕುತ್ತ ಕೂತಿದ್ದೆನಂತೆ. ನಾಯಕ ಸ್ವಲ್ಪ ಹೊತ್ತು ನೋಡಿ, ಎದ್ದು ನೆಟ್ಟಗೆ ನಡೆಯಲು ಹೇಳಿದ. ನಡೆದೆ. ನೆಟ್ಟಗೆ ಎಂದೇ ನನ್ನ ಭಾವನೆ. ಆತ ನನ್ನ ಚೀಲ ಎತ್ತಿಕೊಂಡು, ನೀವು ಕೆಳಗೆ ಹೋಗುತ್ತಿದ್ದೀರಿ ಎಂದ. ಹರಪನಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಕಲಿತ ನನ್ನ ಉರ್ದುವಿನಲ್ಲಿ ಕೈ ಮುಗಿದು ಬೇಡಿಕೊಂಡೆ. ಊರಲ್ಲಿ ನಾನು ಆಗಲೇ ಹತ್ತಿ ಆಗಿದೆ, ಶಾಲು ಹೊದಿಸಿದ್ದಾರೆ ಎಂದೆ. ಕೆಳಗೆ ಇಳಿಯಲು ನೆಪ ಹೇಳಿದವರನ್ನು ಆತ ಎಷ್ಟೋ ಕಂಡಿದ್ದನಂತೆ, ಇಳಿಯದಿರಲು ಇಂಥ ಕಾರಣ ಕೇಳಿದ್ದು ಅದೇ ಮೊದಲಂತೆ. ನಿಮ್ಮನ್ನು ಜೀವಸಹಿತ ಇಳಿಸುವುದು ನನ್ನ ಕೆಲಸ, ಹತ್ತಿಸುವುದು ಅದಾದ ಮೇಲೆ ಎಂದ. ನಾನು ಅತ್ತೆ. ಇದರಲ್ಲಿ ಮುಚ್ಚುಮರೆ ಇಲ್ಲ, ಮಕ್ಕಳ ಹಾಗೆ ಅತ್ತೆ. ಕೆಳಗಿಳಿದಂತೆಲ್ಲ ತಲೆನೋವು ತಾನಾಗಿ ಇಳಿಯಿತು, ಹೊಟ್ಟೆಯೂ ಹಸಿಯಿತು. ಅದು ಇನ್ನೂ ದೊಡ್ಡ ಅವಮಾನ ಎನ್ನಿಸಿತು.

ಗುಂತಕಲ್ಲಿನವರೆಗೆ ರೈಲಿನಲ್ಲಿ ಒಂದರ ಮೇಲೊಂದು ಸುಳ್ಳು ಕಟ್ಟುತ್ತ ಬಂದೆ. ಯಾವುದೂ ಮಾಜಿ ಅಧ್ಯಕ್ಷರ ಭಾಷಣದ ಮಟ್ಟಕ್ಕೆ ಏರಲಿಲ್ಲ. ಬಸ್ಸು ಕೂಡ್ಲಿಗಿ ದಾಟುವ ಹೊತ್ತಿಗೆ ಸಾಕಾಗಿ, ಇದ್ದದ್ದನ್ನೇ ಹೇಳುವುದೆಂದು ನಿಶ್ಚಯಿಸಿದೆ. ಮನೆಗೆ ಹೋದೆ. ಗೌರಿ ನನ್ನ ಎರಡೂ ಕೈ ಹಿಡಿದು ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿ, ಒಲೆ ಹಚ್ಚಲು ಎದ್ದುಹೋದಳು. ನಾನು ಬಟ್ಟೆ ಅಂಗಡಿಗೆ ನಡೆದೆ. ಗುರುಬಸಪ್ಪನವರು ಗಿರಾಕಿಗೆ ಲಂಗದ ಬಟ್ಟೆ ಅಳೆಯುತ್ತಿದ್ದರು. ತುದಿ ಮುಟ್ಟಲಿಲ್ಲ, ಅರ್ಧಕ್ಕೇ ವಾಪಸ್ ಕಳಿಸಿದರು, ಶಾಲು ಹಿಂದಕ್ಕೆ ತಗೊಳ್ಳಿ ಎಂದು ಒಂದೇ ಉಸಿರಿಗೆ ಹೇಳಿದೆ. ಅವರು ಅಳತೆ ಮುಗಿಸಿ, ಬಟ್ಟೆ ಹರಿದು, ಮಡಚಿಟ್ಟು, ನನ್ನ ಕಡೆ ತಿರುಗಿದರು.

“ಸನ್ಮಾನ ಮಾಡಿದ್ದು ನಿಮಗ್ರಿ ಮೇಷ್ಟ್ರೇ, ಗುಡ್ಡಕ್ಕಲ್ಲ. ನೀವು ಬಂದೀರಲ್ಲ, ಸಾಕು. ಕುಂದರ್ರಿ, ಚಾ ತರಸ್ತೀನಿ.”

ಕೂತು ಚಹಾ ಕುಡಿದೆ. ಈ ಊರನ್ನು ಬಿಟ್ಟು ಬೇರೆಲ್ಲೂ ಹುಟ್ಟಬಾರದು ಎನ್ನಿಸಿತು. ಆದರೆ ಊರು ನನ್ನನ್ನು ಅಷ್ಟಕ್ಕೇ ಬಿಡಲಿಲ್ಲ. ಏನಾದರೂ ಕೆಟ್ಟು ಕೂತವರನ್ನೆಲ್ಲ ಈಗ ನನ್ನ ಹತ್ತಿರ ಅಟ್ಟುತ್ತಾರೆ. ಪರೀಕ್ಷೆಯಲ್ಲಿ ಡುಮ್ಕಿ ಹೊಡೆದವರು, ಹೋಟೆಲು ಇಟ್ಟು ಮುಚ್ಚಿದವರು, ಹೆಣ್ಣು ಸಿಗದವರು ಎಲ್ಲ ಬರುತ್ತಾರೆ. ಅರ್ಧಕ್ಕೆ ಮರಳಿ ಬಂದವನ ಬಾಯಿಂದ ಸಮಾಧಾನ ಕೇಳಿದರೆ ಮನಸ್ಸಿಗೆ ಹತ್ತುತ್ತದಂತೆ. ಮೊನ್ನೆ ಪಂಚಾಯಿತಿ ಚುನಾವಣೆಯಲ್ಲಿ ಠೇವಣಿ ಕಳೆದುಕೊಂಡ ಒಬ್ಬಾತ ಬಂದು ಕಣ್ಣೀರಿಟ್ಟ. ಬೆನ್ನು ಸವರಿ, ಸೋಲಿನಲ್ಲಿ ಹೆಚ್ಚು ಕಡಿಮೆ ಎಂಬುದಿಲ್ಲಪ್ಪ, ಎಲ್ಲಾ ಒಂದೇ ಎಂದು ಬಹಳ ಹೊತ್ತು ತಿಳಿಹೇಳಿದೆ. ಆತ ಹಗುರಾಗಿ ಎದ್ದು ಹೋದ ಮೇಲೆ ಗೌರಿ, ಎಷ್ಟು ಚಲೋ ಹೇಳಿದ್ರಿ ಎಂದು ಮೆಚ್ಚಿಕೊಂಡಳು. ಹೇಳುವಷ್ಟು ಹೊತ್ತೂ ನನ್ನ ಮನಸ್ಸಿನಲ್ಲಿ ಓಡುತ್ತಿದ್ದ ಮಾತನ್ನು ಅವಳಿಗೂ ಹೇಳಲಿಲ್ಲ: ಇವನದೂ ಒಂದು ಸೋಲೇ? ನಾನಾದರೋ ಶಿಖರ ಕಾಣುವಷ್ಟು ಹತ್ತಿರ ಹೋಗಿ ಬಂದವನು.