ಸಾರಿನ ಲಕ್ಷ್ಮಿ

ಹಳೇ ವಸ್ತು ಕೂಡಿಡುವ ಚಟವನ್ನು ಮನೆಯವರು ಸಹಿಸುವುದು ಆ ವಸ್ತುಗಳು ಕಪಾಟಿನೊಳಗೆ ಇರುವವರೆಗೆ ಮಾತ್ರ. ನನ್ನ ಚಟ ಹತ್ತೊಂಬತ್ತನೆಯ ಶತಮಾನದ ಜಾಹೀರಾತು ಕಾರ್ಡುಗಳದ್ದು. ಆಗ ಯುರೋಪಿನ ಕಂಪನಿಗಳು ಸರಕಿನ ಜೊತೆ ಅಂಗೈಯಗಲದ ಬಣ್ಣದ ಚಿತ್ರ ಪುಕ್ಕಟೆ ಕೊಡುತ್ತಿದ್ದವು. ಆರು ಸೇರಿದರೆ ಒಂದು ಸೆಟ್. ಸೆಟ್ ಪೂರ್ತಿ ಮಾಡುವ ಆಸೆಗೆ ಜನ ಬೇಡದ ಸರಕನ್ನೂ ಕೊಳ್ಳುತ್ತಿದ್ದರಂತೆ. ಅವರನ್ನು ನೋಡಿ ನಗುವ ಯೋಗ್ಯತೆ ನನಗಿಲ್ಲ. ಹೂವಿನ ಮೇಲೆ ನಿಂತ ಹೆಂಗಸರ ಸೆಟ್ಟಿನಲ್ಲಿ ಐದನ್ನಿಟ್ಟುಕೊಂಡು ಆರನೆಯದಕ್ಕೆ ವರ್ಷಗಟ್ಟಲೆ ಕಾದವಳು ನಾನು.

ಅದು ಕೊನೆಗೂ ಬೆಲ್ಜಿಯಂನಿಂದ ಆರ್.ಟಿ. ನಗರದ ನಮ್ಮ ಮನೆಗೆ ಬಂದಾಗ ನಾನು ಆಫೀಸಿನಲ್ಲಿದ್ದೆ. ಲಕೋಟೆ ಒಡೆದವರು ಬ್ಯಾಟರಾಯನಪುರದ ಹಳೇ ಒಕ್ಕಲು ಮನೆತನದವರಾದ ನಮ್ಮತ್ತೆ. ಸಂಜೆ ಬಂದು ನೋಡಿದರೆ, ತಾವರೆಯ ಮೇಲೆ ನಿಂತ ಆ ಹೊಂಗೂದಲ ಹೆಂಗಸು ಹಣೆಗೆ ಕುಂಕುಮವಿಟ್ಟುಕೊಂಡು ದೇವರ ಗೂಡಿನಲ್ಲಿ ಒರಗಿದ್ದಳು. ನಮ್ಮ ಸಂಗ್ರಾಹಕರ ಲೋಕದಲ್ಲಿ ಕಾರ್ಡಿನ ಮೇಲೆ ಬೆರಳಿನ ಗುರುತು ಬಿದ್ದರೂ ಅಪರಾಧ. ಕುಂಕುಮಕ್ಕೆ ಏನು ಶಿಕ್ಷೆಯೋ ತಿಳಿಯದು. ಅದಕ್ಕಿಂತ ದೊಡ್ಡ ಸಂಕಟ ಕಾರ್ಡಿನ ಹಿಂಬದಿಯಲ್ಲಿತ್ತು. ಅದು ಮಾಂಸದ ಸಾರು ಮಾರುವ ಕಂಪನಿಯ ಜಾಹೀರಾತು.

ಆ ಭಾನುವಾರವೇ ಹೆಬ್ಬಾಳದ ಕಲ್ಯಾಣಮಂಟಪದಲ್ಲಿ ಸಂಗ್ರಾಹಕರ ಪ್ರದರ್ಶನ. ಬೆಂಕಿಪೊಟ್ಟಣದ ಲೇಬಲ್ ಕೂಡಿಡುವ ರಾಯರೊಬ್ಬರು ಪ್ರತಿ ಸಲ ಬಹುಮಾನ ಹೊಡೆದು, ನಿಮ್ಮ ಸೆಟ್ ಇನ್ನೂ ಆಗಲಿಲ್ಲವೇ ಎಂದು ನನ್ನನ್ನು ಮರುಕದಿಂದ ವಿಚಾರಿಸುತ್ತಿದ್ದರು. ಕಾರ್ಡನ್ನು ಗೂಡಿನಿಂದ ಬಿಡಿಸಿಕೊಳ್ಳಲು ಗಂಡನ ಸಹಾಯ ಕೇಳಿದೆ. ಅವರು ತಾಯಿಗೂ ದೇವರಿಗೂ ಎದುರಾಡುವುದಿಲ್ಲವೆಂದು ಪೇಪರ್ ಬಿಡಿಸಿಕೊಂಡರು. ಪ್ರದರ್ಶನದ ಹಿಂದಿನ ದಿನ ಧೈರ್ಯ ಮಾಡಿ ಅತ್ತೆಗೆ ಎಲ್ಲವನ್ನೂ ಹೇಳಿಬಿಟ್ಟೆ, ಸಾರಿನ ವಿಷಯವನ್ನೂ.

ಅತ್ತೆ ಹುರುಳಿಕಾಯಿ ಮುರಿಯುವುದನ್ನು ನಿಲ್ಲಿಸಲಿಲ್ಲ. "ನಮ್ಮನೇಲಿ ಕೋಳಿ ಸಾರು ಮಾಡಾಕಿಲ್ವ? ಗೂಡಲ್ಲಿರೋ ಲಕ್ಷ್ಮಿಗೇನ್ ವಾಸನೆ ಬರಾಕಿಲ್ವ? ಇಂಗೆಲ್ಲ ಎದರ್ಕೊಂಡ್ರೆ ಆಯ್ತದಾ," ಎಂದರು. ಆಮೇಲೆ ಷರತ್ತು ಹಾಕಿದರು: "ಅವಳೊಬ್ಬಳ್ನೇ ಕಳ್ಸಾಕಿಲ್ಲ. ನಾನೂ ಬತ್ತೀನಿ."

ಭಾನುವಾರ ಅತ್ತೆ ರೇಷ್ಮೆ ಸೀರೆಯುಟ್ಟು ಪ್ರದರ್ಶನದ ನನ್ನ ಮೇಜಿನ ಹಿಂದೆ ಕುಳಿತೇಬಿಟ್ಟರು. ಈ ಕಾರ್ಡುಗಳನ್ನು ಒಂದೊಂದು ಬಣ್ಣಕ್ಕೂ ಬೇರೆ ಕಲ್ಲಿನಿಂದ ಅಚ್ಚೊತ್ತುತ್ತಿದ್ದ ಕಥೆಯನ್ನು ನಾನು ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಯಾರಿಗೂ ಬೇಕಾಗಲಿಲ್ಲ. ದೂರದ ಸೀಮೆಯಿಂದ ಸಾರು ಮಾರಲು ಬಂದ ಲಕ್ಷ್ಮಿ ನಮ್ಮ ಮನೆಯಲ್ಲೇ ನೆಲೆನಿಂತ ಕಥೆಯನ್ನು ಅತ್ತೆ ಹೇಳುತ್ತಿದ್ದರೆ, ಕೇಳುವವರ ಸಾಲು ಬಾಗಿಲಾಚೆಗೆ ಹೋಯಿತು. ರಾಯರೂ ಬಂದು, ಚಪ್ಪಲಿ ಬಿಟ್ಟು ಕೈಮುಗಿದರು. ಆ ಗಳಿಗೆಯಲ್ಲಿ ನನಗಾದ ತೃಪ್ತಿ ಬರೆಯಲು ಯೋಗ್ಯವಾದದ್ದಲ್ಲ. ಕುಂಕುಮ ಹತ್ತಿದ ಇಂಥ ಕಾರ್ಡು ಜಗತ್ತಿನಲ್ಲಿ ಇನ್ನೊಂದಿರಲಾರದು ಎಂದ ತೀರ್ಪುಗಾರರು ಮೊದಲ ಬಹುಮಾನವನ್ನು ನಮಗೇ ಕೊಟ್ಟರು.

ಬಹುಮಾನದ ಕಪ್ ಈಗ ನಮ್ಮ ನಡುಮನೆಯಲ್ಲಿದೆ, ಪಕ್ಕದಲ್ಲಿ ಆ ದಿನದ ಫೋಟೋ. ಅದರಲ್ಲಿ ಕಪ್ ಹಿಡಿದಿರುವವರು ಅತ್ತೆ. ಹಿಂದೆ ಅವರ ಚೀಲ ಹಿಡಿದು ನಿಂತವರು ಯಾರೆಂದು ಬಂದವರು ಕೇಳುತ್ತಾರೆ.

"ನಮ್ ಸೊಸೆ," ಎನ್ನುತ್ತಾರೆ ಅತ್ತೆ. "ಅವಳ್ಗೂ ಇದ್ರಲ್ಲಿ ಒಸಿ ಇಂಟ್ರೆಸ್ಟು ಐತೆ."